ಹಾವೇರಿಯಿಂದ ಬ್ಯಾಡಗಿಗೆ: ಮನೆಗಾಡಿಗೆ ತಕ್ಕ ಜನರೇಟರು

ಗಾಡಿಯಲ್ಲಿ ಮನೆ ಹೂಡಿಕೊಂಡು ಊರೂರು ತಿರುಗುವದು ನಮ್ಮ ನಾಡಿಗೆ ಹೊಸ ಮಾತೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿ, ರೊಟ್ಟಿಬುತ್ತಿಯ ಗಂಟುಗಳೊಡನೆ ಹೊರಡುತ್ತಿದ್ದ ಹಿರಿಯರಿಗೆ ಬಂಡಿಯೇ ಮನೆ, ಬಂಡಿಯ ಕೆಳಗಣ ನೆರಳೇ ಪಡಸಾಲೆ. ಅಚ್ಚಿಗೆ ಒಂದು ಕಂದೀಲನ್ನು ತೂಗಹಾಕಿದರೆ ಅವರ ಬೆಳಕಿನ ಪ್ರಶ್ನೆಯು ತೀರಿಹೋಗುತ್ತಿತ್ತು. ಕ್ಯಾರವಾನ್ ಎಂದು ಈಗ ಕರೆಯಿಸಿಕೊಳ್ಳುವ ಮೋಟಾರು ಮನೆಗಾಡಿಯ ಪ್ರಶ್ನೆಯು ಅಷ್ಟು ಸುಲಭವಾಗಿ ತೀರುವದಿಲ್ಲ. ಅದರಲ್ಲಿ ಫ್ರಿಜ್ಜುಂಟು, ನೀರೆತ್ತುವ ಪಂಪುಂಟು, ಫ್ಯಾನುಗಳುಂಟು; ಇವೆಲ್ಲವೂ ವಿದ್ಯುತ್ತನ್ನು ಬೇಡುವವು. ಊರಿನ ತಂತಿಯನ್ನು ಬಿಟ್ಟು ಹೊರಟ ಮೇಲೆ ಆ ವಿದ್ಯುತ್ತು ಎಲ್ಲಿಂದ ಬರಬೇಕು? ಜನರೇಟರಿನಿಂದ ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳುವರು. ಎಂಥ ಜನರೇಟರು ಎಂದು ಕೇಳಿದೆವೆಂದರೆ ಒಬ್ಬೊಬ್ಬರು ಒಂದೊಂದು ಹೇಳತೊಡಗುವರು.

ನಮಗೆ ಈ ಪ್ರಶ್ನೆಯು ಬರಿಯ ಅನುಕೂಲದ್ದಾಗಿರಲಿಲ್ಲ. ನಮ್ಮ ತಾಯಿಯವರಿಗೆ ಈಗ ೭೬ ವರ್ಷ. ನಿದ್ರೆಯಲ್ಲಿ ಉಸಿರು ಕಟ್ಟುವ ಬೇನೆಯಿರುವದರಿಂದ, ಮೂಗಿನ ಮೇಲೆ ಮುಸುಕು ಕಟ್ಟಿಕೊಂಡು, ಗಾಳಿಯನ್ನು ಮೆಲ್ಲಗೆ ಒತ್ತಿ ಕೊಡುವ ಸಣ್ಣದೊಂದು ಯಂತ್ರದೊಡನೆ ಅವರು ಮಲಗಬೇಕು. ಯಂತ್ರವು ನಿಂತ ಕೂಡಲೆ ಪ್ರಾಣಕ್ಕೆ ಅಪಾಯವೆಂದೇನೂ ಅಲ್ಲ. ಆದರೆ ರಾತ್ರಿಯಲ್ಲಿ ಹತ್ತಾರು ಸಲ ಬೆಚ್ಚಿ ಏಳುವರು, ಮರುದಿವಸ ಎದ್ದು ನಿಲ್ಲುವ ಚೈತನ್ಯವೂ ಇರುವದಿಲ್ಲ. ಇದರ ಸಂಗಡ ಇನ್ಸುಲಿನ್ನು. ಅದರ ಒಡೆಯದ ಸೀಸೆಗಳು ೨ರಿಂದ ೮ ಡಿಗ್ರಿಯ ತಂಪಿನಲ್ಲಿ ಇರತಕ್ಕವು. ಅವರ ತವರು ಬ್ಯಾಡಗಿ. ಅಲ್ಲಿಯ ಮನೆ ಅನ್ಯರ ಕೈಸೇರಿ ಬಹಳ ದಿವಸಗಳಾದವು. ಪರಸ್ಥಳದಲ್ಲಿ ನಡುರಾತ್ರಿ ಕರೆಂಟು ಹೋದರೆ ಏನು ಗತಿ ಎಂಬ ಅಂಜಿಕೆಯಿಂದ ಆರು ವರ್ಷಗಳಿಂದ ಅವರು ಧಾರವಾಡದ ಹೊಸ್ತಿಲು ದಾಟಿರಲಿಲ್ಲ. ಡೀಜಲ್ಲಿನ ಒಂದು ವ್ಯಾನನ್ನು ಕೊಂಡು ನಾವು ಮನೆಗಾಡಿಯಾಗಿ ಮಾಡಿಸಿದ್ದು ಈ ಅಂಜಿಕೆಯನ್ನು ಕಳೆಯುವ ಸಲುವಾಗಿ.

ಹುಬ್ಬಳ್ಳಿಯ ಅಂಗಡಿಯಲ್ಲಿ ನಮ್ಮೆದುರಿಗೆ ಮೂರು ಯಂತ್ರಗಳನ್ನು ಸಾಲಾಗಿ ಇಟ್ಟರು. ಒಂದು, ೫ ಕೆ.ವಿ.ಎ.ಯ ಡೀಜಲ್ ಯಂತ್ರ. ನಾಲ್ಕು ಜನ ಎತ್ತಬೇಕು. ಎರಡನೆಯದು, ೩ ಕೆ.ವಿ.ಎ.ಯ ಸಾದಾ ಪೆಟ್ರೋಲ್ ಯಂತ್ರ. ಬೆಲೆ ಕಡಿಮೆ, ಕೂಗು ಹೆಚ್ಚು. ಮೂರನೆಯದು, ಇನ್ವರ್ಟರ್ ಜಾತಿಯ ೨ ಕೆ.ವಿ.ಎ. ಯಂತ್ರ, ಟ್ರಂಕಿನ ಗಾತ್ರ, ಸುಮಾರು ೨೦ ಕಿಲೋ ತೂಕ, ಬೆಲೆ ಮಾತ್ರ ಎರಡನೆಯದಕ್ಕಿಂತ ಎಷ್ಟೋ ಮೇಲು. ಅಂಗಡಿಯವರು ಕೇಳಿದ ಪ್ರಶ್ನೆ ಒಂದೇ: “ಎಸಿ ಹಾಕ್ತೀರೇನ್ರಿ? ಹಾಕೂದಿದ್ರ ದೊಡ್ಡದ ಒಯ್ರಿ.” ನಮ್ಮ ಮನೆಯವರು ಇದಕ್ಕೆ ಒಪ್ಪಲಿಲ್ಲ. “ಮನೆಯ ಖರ್ಚು ಎಷ್ಟೆಂದು ತಿಳಿಯದೆ ಕಾಳಿನ ಚೀಲ ತರುವರೇನು? ಮೂರು ರಾತ್ರಿ ಜನರೇಟರಿಲ್ಲದೆ ಕಳೆದು, ಲೆಕ್ಕ ಬರೆದು ನೋಡೋಣ, ಅಲ್ಲಿಯ ವರೆಗೆ ಬ್ಯಾಟರಿಯಿದೆಯಲ್ಲ” ಎಂದರು. ತಾಯಿಯವರಿಗೂ ಇದು ಸರಿಬಿದ್ದಿತು. ಹೀಗಾಗಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂದು ಮೂರು ರಾತ್ರಿಗಳ ಪ್ರವಾಸವು ಗೊತ್ತಾಯಿತು. ಮೂರೂ ಊರುಗಳು ಒಂದಕ್ಕೊಂದು ಸಮೀಪ. ಬೇನೆಯವರನ್ನು ಕರೆದುಕೊಂಡು ಮನೆಗೆ ಮರಳಬೇಕಾದರೂ ಎರಡು ತಾಸಿನ ದಾರಿ.

ಲೆಕ್ಕದ ವಹಿಯ ಮೊದಲನೆಯ ಪುಟವನ್ನು ಗೃಹಿಣಿಯರಿಗೆ ಉಪಯೋಗವಾದೀತೆಂದು ಇಲ್ಲಿ ಹೇಳುವೆವು. ಉಸಿರಾಟದ ಯಂತ್ರವು ನೀರು ಕಾಯಿಸುವ ಭಾಗವನ್ನು ನಿಲ್ಲಿಸಿದರೆ ೩೫ ವ್ಯಾಟಿನಷ್ಟು ಉಣ್ಣುವದು. ಎಂಟು ತಾಸಿಗೆ ೨೮೦. ಸಣ್ಣ ಫ್ರಿಜ್ಜು ನಡೆಯುವಾಗ ೫೦ ವ್ಯಾಟು. ಅದು ನಡೆದು ನಿಂತು ಮಾಡುವದರಿಂದ ಅಹೋರಾತ್ರಿಗೆ ಸುಮಾರು ೫೦೦. ಎರಡು ಫ್ಯಾನುಗಳು ಹತ್ತು ತಾಸು ತಿರುಗಿದರೆ ಇನ್ನು ೫೦೦. ದೀಪ, ಫೋನು, ಪಂಪು, ಚಟ್ನಿಗೆ ಐದು ನಿಮಿಷದ ಮಿಕ್ಸರು ಎಲ್ಲ ಕೂಡಿ ೨೨೦. ಒಟ್ಟು ೧,೫೦೦ ವ್ಯಾಟ್-ತಾಸು, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಒಂದೂವರೆ ಯೂನಿಟ್ಟು. ಇಷ್ಟೇ! ಒಂದು ಟನ್ನಿನ ಎಸಿಯಾದರೋ ನಡೆಯುವಾಗ ತಾನೊಂದೇ ಸಾವಿರ ವ್ಯಾಟಿಗೆ ಕಡಿಮೆಯಿಲ್ಲ. ರಾತ್ರಿಯಿಡೀ ಇಟ್ಟರೆ ಮಿಕ್ಕೆಲ್ಲವುಗಳ ಮೂರು ನಾಲ್ಕು ದಿವಸದ ಕೂಳನ್ನು ಒಂದೇ ರಾತ್ರಿಗೆ ನುಂಗುವದು. ಆದುದರಿಂದ ಅಂಗಡಿಯವರ ಪ್ರಶ್ನೆ ಅಡ್ಡಪ್ರಶ್ನೆಯಲ್ಲ. ಜನರೇಟರಿನ ಗಾತ್ರವನ್ನು ನಿಶ್ಚಯಿಸುವದು ಎಸಿಯೇ. ನಮಗೆ ಮಾಘಮಾಸದ ಚಳಿಯಲ್ಲಿ ಅದು ಬೇಡವಾಗಿತ್ತು, ಬೇಸಗೆಯಲ್ಲಿ ತಾಯಿಯವರನ್ನು ಹೊರಡಿಸುವ ವಿಚಾರವೂ ಇರಲಿಲ್ಲ.

ನಮ್ಮ ಬ್ಯಾಟರಿಯು ಲಿಥಿಯಮ್ಮಿನದು, ೧೨ ವೋಲ್ಟಿನ ೨೦೦ ಆಂಪಿಯರ್-ತಾಸಿನದು. ತುಂಬಿದಾಗ ಬಳಸಲು ಎರಡೂಕಾಲು ಯೂನಿಟ್ಟು ದೊರೆಯುವದು. ಮಾಳಿಗೆಯ ಮೇಲೆ ೨೦೦ ವ್ಯಾಟಿನ ಸೌರಫಲಕವಿದೆ.

ಹಾವೇರಿಗೆ ಶುಕ್ರವಾರ ಮಧ್ಯಾಹ್ನಕ್ಕೆ ಮುಟ್ಟಿದೆವು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಜಿಲ್ಲೆಯ ಊರಾದ ಮೇಲೆ ಹಾವೇರಿಯ ಚಹರೆ ಬಹಳ ಬದಲಾಗಿದೆ. ಆದರೂ ಏಲಕ್ಕಿಯ ಹೆಸರು ಅದನ್ನು ಬಿಟ್ಟಿಲ್ಲ. ಏಲಕ್ಕಿ ಬೆಳೆಯುವದು ಮಲೆನಾಡಿನಲ್ಲಿ, ಅದನ್ನು ಹಾರವಾಗಿ ಕಟ್ಟುವ ಕೈಗಳು ಮಾತ್ರ ಹಾವೇರಿಯವು. ೨೦೨೩ರ ಜನವರಿಯಲ್ಲಿ ೮೬ನೆಯ ಕನ್ನಡ ಸಾಹಿತ್ಯ ಸಮ್ಮೇಲನವು ಇಲ್ಲಿ ಕೂಡಿದಾಗ ನಾಡಿನವರೆಲ್ಲರೂ ಆ ಕಂಪನ್ನು ಕಂಡರು. ಸಮೀಪದ ಅಗಡಿಯ ಆನಂದವನದಿಂದಲೇ ಹಿಂದೆ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಮನೆಮನೆಗೆ ಹೋಗುತ್ತಿತ್ತು. ಅದನ್ನು ನಡೆಯಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರೆಂದು ಹೇಳುವರು. ಅಂಥವರ ದಾರಿಯಲ್ಲಿ ಫ್ರಿಜ್ಜನ್ನು ಹೊತ್ತು ಹೋಗುವಾಗ ನಮಗೆ ಸ್ವಲ್ಪ ನಾಚಿಕೆಯೇ ಆಯಿತೆನ್ನಬೇಕು.

ಸಿದ್ಧೇಶ್ವರನ ಗುಡಿಯನ್ನು ತಾಯಿಯವರು ಹುಡುಗಿಯಾಗಿದ್ದಾಗ ನೋಡಿದ್ದರು. ಚಾಲುಕ್ಯರ ಕಾಲದ, ಬಳಪದ ಕಲ್ಲಿನ ಕಟ್ಟಡ. ಸಾಮಾನ್ಯವಾಗಿ ಗುಡಿಗಳು ಮೂಡಣಕ್ಕೆ ಮುಖವಾಗಿರುವವು, ಇದು ಪಡುವಣಕ್ಕೆ. ಇಳಿಹೊತ್ತಿನ ಬಿಸಿಲು ನೇರವಾಗಿ ಒಳಗೆ ಬಂದು ಕಂಬಗಳ ಮೇಲೆ ನಿಂತಾಗ ಅವರು ಅಲ್ಲಿಯೇ ಒಂದು ಮೂಲೆಯಲ್ಲಿ ಕುಳಿತುಬಿಟ್ಟರು. ಕತ್ತಲಾಗುವ ವರೆಗೆ ಏಳಲಿಲ್ಲ.

ರಾತ್ರಿ ಗಾಡಿಯನ್ನು ಪರಿಚಿತರೊಬ್ಬರ ಮನೆಯ ಮುಂದಣ ಬಯಲಿನಲ್ಲಿ, ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಅದರ ಪಕ್ಕದ ಓಣಿಯಲ್ಲಿ ಮದುವೆ. ಶಾಮಿಯಾನದವರ ಹಳೆಯ ಡೀಜಲ್ ಜನರೇಟರು ಕೈಗಾಡಿಯ ಮೇಲೆ ಕುಳಿತು ಗುಡುಗುತ್ತಿತ್ತು. ಮದುವೆಯ ಮನೆಯವರಿಗೆ ಅದು ಕೇಳಿಸುವದಿಲ್ಲ, ಕೇಳಿಸುವದು ನೆರೆಯವರಿಗೆ. ಯಂತ್ರದ ಸದ್ದನ್ನು ಡೆಸಿಬಲ್ ಎಂಬ ಅಳತೆಯಿಂದ ಹೇಳುವರು. ಅದರಲ್ಲಿ ಹತ್ತು ಏರಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ತೋರುವದು. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಯ ಓಣಿಯಲ್ಲಿ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರ ವರೆಗೆ ೪೫ ಮಿತಿ. ಡೀಜಲ್ ಯಂತ್ರಗಳಿಗೆ ಪೆಟ್ಟಿಗೆ ಹೊದಿಸಿ, ಒಂದು ಮೀಟರಿನ ಅಂತರದಲ್ಲಿ ೭೫ನ್ನು ಮೀರದಂತೆ ಮಾಡಬೇಕೆಂಬ ಕಟ್ಟಳೆಯು ೨೦೦೫ರಿಂದ ತಯಾರಾದವುಗಳಿಗೆ ಇದೆ. ಇನ್ವರ್ಟರ್ ಜಾತಿಯ ಸಣ್ಣ ಯಂತ್ರವು ಕಡಿಮೆ ಹೊರೆಯಲ್ಲಿದ್ದಾಗ ಏಳು ಮೀಟರಿನ ಮೇಲೆ ೫೦ರ ಸುತ್ತುಮುತ್ತ ಇರುವದು, ಅಂದರೆ ಇಬ್ಬರು ಮೆಲುದನಿಯಲ್ಲಿ ಮಾತಾಡಿಕೊಂಡಷ್ಟು. ಆದರೂ ನೋಡಿರಿ, ಅದು ಕೂಡ ರಾತ್ರಿಯ ಮಿತಿಗಿಂತ ಮೇಲೆಯೇ. ತಾಯಿಯವರು ಆ ಗುಡುಗನ್ನು ಕೇಳುತ್ತ ಮಲಗಿದ್ದವರು ಮುಸುಕನ್ನು ಸರಿಸಿ ಹೇಳಿದರು: “ನನ್ನ ಉಸುರಿನ ಸಲುವಾಗಿ ಮಂದೀ ನಿದ್ದಿ ಕೆಡಸಬ್ಯಾಡಪಾ. ರಾತ್ರಿ ಹಚ್ಚೂ ಮಷೀನ್ ಆದ್ರ ನನಗ ಬ್ಯಾಡ.” ರಾತ್ರಿ ನಡೆಯಿಸದ ಜನರೇಟರು! ಅಂಗಡಿಯಲ್ಲಿ ಯಾರೂ ಕೇಳದ ಬೇಡಿಕೆಯಿದು. ಆದರೆ ಈ ಒಂದು ಮಾತಿನಿಂದ ನಮ್ಮ ವಿಚಾರದ ದಿಕ್ಕೇ ತಿರುಗಿತು.

ಮರುದಿವಸ ವಹಿಯಲ್ಲಿ ಬರೆದ ಲೆಕ್ಕ: ಖರ್ಚು ಒಂದೂವರೆ ಯೂನಿಟ್ಟು, ಸೌರಫಲಕದಿಂದ ಜಮಾ ಕಾಲು ಯೂನಿಟ್ಟಿಗೂ ಕಡಿಮೆ. ಕಾರಣ ಬೇವಿನ ಮರ. ಮನೆಗಾಡಿಯ ಜನರು ನೆರಳನ್ನು ಬಯಸುವರು, ಫಲಕವು ಬಿಸಿಲನ್ನು. ಒಂದೇ ಗಾಡಿಗೆ ಎರಡೂ ಏಕಕಾಲಕ್ಕೆ ದೊರೆಯಲಾರವು.

ರಾಣೇಬೆನ್ನೂರಿನ ದಾರಿ ಅರ್ಧ ಪೌಣ ತಾಸಿನದು. ಎರಡೂ ಕಡೆಗೆ ಗೋವಿನಜೋಳದ ಹೊಲಗಳು, ಕೊಯ್ಲು ಮುಗಿದು ಒಣಗಿದ ದಂಟುಗಳು. ಗಾಡಿ ಓಡುವಾಗ ಅದರ ಎಂಜಿನಿನಿಂದಲೇ ಬ್ಯಾಟರಿಯು ತುಂಬುವಂತೆ ಏರ್ಪಾಡುಂಟು, ಆದರೆ ಇಷ್ಟು ಸಣ್ಣ ದಾರಿಗೆ ದೊರೆತದ್ದು ಮೂರುನೂರು ವ್ಯಾಟ್-ತಾಸು ಮಾತ್ರ. ನಿಂತಲ್ಲಿಯೇ ಎಂಜಿನನ್ನು ನಡೆಯಿಸಿ ತುಂಬಬಾರದೇಕೆ ಎಂದು ವಾಚಕರು ಕೇಳಬಹುದು. ತುಂಬಬಹುದು, ಆದರೆ ಒಂದು ಲೋಟ ನೀರಿಗಾಗಿ ಮೊಟ್ಟೆ ಹೊಡೆದಂತೆ ಡೀಜಲ್ಲು ಪೋಲು, ಎಂಜಿನಿಗೆ ಸವೆತ, ಮಲಗುವ ಹಲಗೆಯ ಕೆಳಗೇ ಹೊಗೆ.

ರಾಣೇಬೆನ್ನೂರು ಹತ್ತಿಯ ಮತ್ತು ಬೀಜದ ವ್ಯಾಪಾರದ ಊರು. ನಮಗೆ ನೋಡಬೇಕಾಗಿದ್ದದ್ದು ಊರ ಹೊರಗಿನ ಕೃಷ್ಣಮೃಗಗಳ ಅಭಯಾರಣ್ಯ. ೧೯೭೪ರಲ್ಲಿ ಸ್ಥಾಪಿತವಾದ ಇದರ ವಿಸ್ತಾರ ೧೧೯ ಚದರ ಕಿಲೋಮೀಟರು. ಅರಣ್ಯವೆಂದರೆ ಮಲೆನಾಡಿನ ದಟ್ಟಡವಿಯನ್ನು ನೆನೆಯಬಾರದು. ಕುರುಚಲು, ಹುಲ್ಲುಬಯಲು, ನೆಡಿಸಿದ ನೀಲಗಿರಿಯ ತೋಪುಗಳು. ಎರೆಭೂತವೆಂದು ಜನರು ಕರೆಯುವ ದೊಡ್ಡ ಹಕ್ಕಿಯು ಹಿಂದೆ ಇಲ್ಲಿ ವಾಸವಾಗಿತ್ತು. ಚಿಗರಿಗಳು ಮಾತ್ರ ಹಿಂಡುಹಿಂಡಾಗಿವೆ. ಸೂರ್ಯ ಮುಳುಗುವ ಹೊತ್ತಿಗೆ ಅರಣ್ಯದ ಎಲ್ಲೆಯ ಆಚೆ, ಒಬ್ಬ ರೈತರ ಹೊಲದ ಬದುವಿನಲ್ಲಿ ಅವರ ಅಪ್ಪಣೆ ಪಡೆದು ಗಾಡಿ ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಕರಿಯ ಗಂಡು, ತಿರುಚಿದ ಕೋಡುಗಳನ್ನು ಬೆನ್ನಿನ ಮೇಲೆ ಚಾಚಿಕೊಂಡು, ಹದಿನೈದು ಇಪ್ಪತ್ತು ಹೆಣ್ಣುಗಳ ಹಿಂದೆ ಬಂದಿತು. ನೂರು ಮಾರಿನ ಮೇಲೆ ನಿಂತು ನಮ್ಮ ಕಡೆಗೆ ನೋಡಿತು. ಆಗ ನಮ್ಮಲ್ಲಿ ಜನರೇಟರಿಲ್ಲದ್ದು ಎಷ್ಟು ಒಳ್ಳೆಯದಾಯಿತು! ಮಗನ ಕೈಯಿಂದ ಸ್ಟೀಲಿನ ಚಮಚ ಜಾರಿಬಿದ್ದ ಸದ್ದಿಗೇ ಇಡೀ ಹಿಂಡು ಚಿಮ್ಮಿ ಹಾರಿ ಕುರುಚಲಿನಲ್ಲಿ ಕಾಣದಾಯಿತು. ಹೊಲದವರಿಗೆ ಅವುಗಳ ಮೇಲೆ ಅಷ್ಟು ಮಮತೆಯಿಲ್ಲ. ಗೋವಿನಜೋಳದ ಎಳೆ ಪೈರನ್ನು ಮೇದು ಹೋಗುವವಾದ್ದರಿಂದ ಅವರ ದೂರೂ ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಆ ರೈತರೇ ತಮ್ಮ ಸೋದರಮಾವನವರನ್ನು ಕರೆದುಕೊಂಡು ಬಂದರು. ಹೊಳೆಯಾಚೆಯ ಹರಿಹರದ ಕಿರ್ಲೋಸ್ಕರ ಕಾರಖಾನೆಯಲ್ಲಿ ಫಿಟ್ಟರರಾಗಿದ್ದವರು. ಈ ಭಾಗದಲ್ಲಿ ಯಂತ್ರದ ಮಾತು ಬಂದರೆ ಕಿರ್ಲೋಸ್ಕರರ ಹೆಸರು ಬಾರದೆ ಇರದು. ಲಕ್ಷ್ಮಣರಾವ ಕಿರ್ಲೋಸ್ಕರರು ೧೮೬೯ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ೧೮೮೮ರಲ್ಲಿ ಬೆಳಗಾವಿಯ ಸೈಕಲ್ಲಿನ ಅಂಗಡಿಯಿಂದ ಆ ಮನೆತನದ ಉದ್ಯಮವು ಮೊದಲಾಯಿತು. ಹರಿಹರದಲ್ಲಿ ಲೇಥುಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ ೧೯೪೧ರಲ್ಲಿ, ಪುಣೆಯ ಆಯಿಲ್ ಎಂಜಿನುಗಳ ಮತ್ತು ಬೆಂಗಳೂರಿನ ವಿದ್ಯುದ್ಯಂತ್ರಗಳ ಕಂಪನಿಗಳು ೧೯೪೬ರಲ್ಲಿ ಹುಟ್ಟಿದವು. ಹರಿಹರದ ಕಾರಖಾನೆಯು ಈಗ ಮುಚ್ಚಿದೆ; ಅದು ತಯಾರು ಮಾಡಿದ ಕೈಗಳು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇವೆ.

ಆ ಹಿರಿಯರು ನಮ್ಮ ವಹಿಯನ್ನು ಕನ್ನಡಕ ಏರಿಸಿ ಓದಿ, “ಲೆಕ್ಕ ಬರದವರು ಭಾಳ ಶಾಣ್ಯಾರ” ಎಂದರು. ಆಮೇಲೆ ಒಂದು ತಾಸು ಅವರು ಹೇಳಿದ್ದು ಹತ್ತು ಅಂಗಡಿ ತಿರುಗಿದರೂ ದೊರೆಯುತ್ತಿರಲಿಲ್ಲ. ಯಂತ್ರದ ಮೇಲೆ ಬರೆದ ಕೆ.ವಿ.ಎ.ಯನ್ನೆಲ್ಲ ವ್ಯಾಟೆಂದು ತಿಳಿಯಬಾರದು. ಅನೇಕ ಯಂತ್ರಗಳಲ್ಲಿ ಸಾವಿರ ವಿ.ಎ.ಗೆ ಎಂಟುನೂರು ವ್ಯಾಟು. ಅದರಲ್ಲಿಯೂ ‘ಗರಿಷ್ಠ’ವೆಂದು ದೊಡ್ಡಕ್ಷರದಲ್ಲಿ ಬರೆದದ್ದು ಕೆಲವು ನಿಮಿಷದ ಮಾತು, ಸಣ್ಣಕ್ಷರದ್ದೇ ದಿನದ ದುಡಿಮೆ. ಎತ್ತರದ ಊರಿನಲ್ಲಿ ಗಾಳಿ ತೆಳುವಾದ್ದರಿಂದ ಎಂಜಿನು ಸೋಲುವದು. ನೂರು ಮೀಟರಿಗೆ ನೂರಕ್ಕೆ ಒಂದರಂತೆ ಕಳೆಯಬೇಕು. ಹಾವೇರಿಯು ಸಮುದ್ರಮಟ್ಟದಿಂದ ಸುಮಾರು ೫೭೦ ಮೀಟರು ಮೇಲಿರುವದರಿಂದ ಐದಾರು ಪಾಲು ಹೋಯಿತು. ಫ್ರಿಜ್ಜು, ಪಂಪು, ಎಸಿ ಮೊದಲಾದ ಮೋಟಾರಿನ ಸಾಮಾನುಗಳು ಹೊರಡುವಾಗ ನಡೆಯುವಾಗಿಗಿಂತ ಎರಡು ಮೂರು ಪಟ್ಟು ಬೇಡುವವು. ಇಳುಕಲಿನಲ್ಲಿ ನಿಂತ ಬಂಡಿಯನ್ನು ಏರಿಗೆ ಎಳೆಯಲು ಎತ್ತುಗಳು ಮೊದಲ ಹೆಜ್ಜೆಗೆ ಹೆಗಲು ಕೊಡುವಂತೆ.

ಸಾದಾ ಯಂತ್ರಕ್ಕೂ ಇನ್ವರ್ಟರ್ ಯಂತ್ರಕ್ಕೂ ಇರುವ ಭೇದವನ್ನು ಅವರು ಹೇಳಿದ ರೀತಿಯು ನಮಗೆ ಬಹಳ ಹಿಡಿಸಿತು. ಸಾದಾ ಪೆಟ್ರೋಲ್ ಯಂತ್ರವು ಒಂದು ದೀಪ ಹಚ್ಚಿರಲಿ ಹತ್ತು ಹಚ್ಚಿರಲಿ, ನಿಮಿಷಕ್ಕೆ ೩,೦೦೦ ಸುತ್ತು ತಿರುಗಲೇಬೇಕು. ಇಲ್ಲವಾದರೆ ನಮ್ಮ ದೇಶದ ೫೦ ಆವರ್ತನದ ವಿದ್ಯುತ್ತು ಹುಟ್ಟದು. ಇನ್ವರ್ಟರಿನದು ಹುಟ್ಟಿದ ವಿದ್ಯುತ್ತನ್ನು ಒಳಗೇ ತಿದ್ದಿ ಕೊಡುವದರಿಂದ, ಹೊರೆ ಕಡಿಮೆಯಿದ್ದಾಗ ಮೆಲ್ಲಗೆ ತಿರುಗಬಲ್ಲದು. ಸದ್ದೂ ಕಡಿಮೆ, ಎಣ್ಣೆಯೂ ಕಡಿಮೆ. ಉಸಿರಾಟದ ಯಂತ್ರದಂಥ ನಾಜೂಕಿನ ಸಾಮಾನಿಗೂ ಆ ತಿದ್ದಿದ ವಿದ್ಯುತ್ತು ಹಿತ. ಗಾಡಿ ಡೀಜಲ್ಲಿನದಾದ್ದರಿಂದ ಜನರೇಟರೂ ಡೀಜಲ್ಲಿನದೇ ಇದ್ದರೆ ಒಂದೇ ಎಣ್ಣೆಯಲ್ಲಿ ಎರಡು ಕೆಲಸವಾಗದೆ ಎಂದು ನಾವು ಕೇಳಿದೆವು. ಹಗಲಿಡೀ ದೊಡ್ಡ ಹೊರೆ ಹೊರಬೇಕಾದಲ್ಲಿ ಡೀಜಲ್ಲಿಗೆ ಸಮನಾದದ್ದಿಲ್ಲ, ಆದರೆ ತೂಕ ಮತ್ತು ನಡುಕ ಹೆಚ್ಚು, ಹಗುರ ಹೊರೆಯಲ್ಲಿ ಬಹಳ ಹೊತ್ತು ನಡೆಯಿಸಿದರೆ ಎಣ್ಣೆ ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಕಟ್ಟುವದು ಎಂದರು. ಕೊನೆಗೆ, “ದೊಡ್ಡ ಮಷೀನ್ ತಗೊಂಡ್ರ ದೊಡ್ಡಸ್ತಿಕಿ ಬರೂದಿಲ್ರೀ, ಸಪ್ಪಳ ಬರ್ತದ” ಎಂದು ನಕ್ಕರು. ಚಹಕ್ಕೆ ಕುಳ್ಳಿರಿಸಿ ತಾಯಿಯವರು ಅವರಿಗೆ ಕರದಂಟು ಕೊಟ್ಟರು. ಕೆಲಸಕ್ಕೆ ಹಣವನ್ನು ಮುಟ್ಟಲಿಲ್ಲ.

ಬ್ಯಾಡಗಿಗೆ ಹೋಗುವಾಗ ಹೆದ್ದಾರಿಯಿಂದ ಮೋಟೆಬೆನ್ನೂರಿನ ಬಳಿ ಹೊರಳಬೇಕು. ೧೯೩೦ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ, ೧೯೪೩ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವಪ್ಪನವರ ಊರದು. ಅಲ್ಲಿಂದ ಮುಂದೆ ಹಾದಿಯ ಬದಿಗೆ ಕೆಂಪು ಕಾಣತೊಡಗುವದು. ಚೀಲ ಹೇರಿದ ಲಾರಿಗಳು, ಟ್ರ್ಯಾಕ್ಟರುಗಳು. ಬಯಲಿನಲ್ಲಿ ಹರವಿದ ಮೆಣಸಿನಕಾಯಿ. ಗಾಡಿಯ ಕಿಟಿಕಿ ತೆರೆದ ಕೂಡಲೆ ಎಲ್ಲರಿಗೂ ಸೀನು. ತಾಯಿಯವರೊಬ್ಬರೇ ಸೀನಲಿಲ್ಲ. “ಬಂತು ನಮ್ಮೂರು” ಎಂದರು.

ಬ್ಯಾಡಗಿಯ ಮೆಣಸಿನಕಾಯಿಯು ಖಾರಕ್ಕಲ್ಲ, ಬಣ್ಣಕ್ಕೆ ಹೆಸರಾದದ್ದು. ಕಡ್ಡಿ, ಡಬ್ಬಿ ಎಂದು ಎರಡು ಬಗೆ, ಮೈಯೆಲ್ಲ ಸುಕ್ಕು. ಅದರ ಬಣ್ಣವನ್ನು ಹಿಂಡಿ ತೆಗೆದು ತಿನಿಸುಗಳಿಗೂ ತುಟಿಯ ರಂಗಿಗೂ ಬಳಸುವರು. ೨೦೧೧ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಈ ಬಣ್ಣಕ್ಕೆ ಬಿಸಿಲು ಮತ್ತು ಸೆಕೆ ಶತ್ರುಗಳು. ಕಾಯಿ ಒಣಗುವ ವರೆಗೆ ಬಿಸಿಲು ಬೇಕು, ಒಣಗಿದ ಮೇಲೆ ತಂಪು ಬೇಕು. ಆದುದರಿಂದಲೇ ಊರ ಸುತ್ತ ಅನೇಕ ಶೀತಗೃಹಗಳು ಎದ್ದಿವೆ. ದರವಿಲ್ಲದಾಗ ರೈತರು ಮಾಲನ್ನು ಅಲ್ಲಿಟ್ಟು ಕಾಯಬಲ್ಲರು. ಕಾಯಲಾರದವರ ಪಾಡೇನೆಂಬದು ೨೦೨೪ರ ಮಾರ್ಚ್ ತಿಂಗಳಲ್ಲಿ ದರ ಒಮ್ಮೆಲೆ ಕುಸಿದು, ರೊಚ್ಚಿಗೆದ್ದವರ ಕೈಯಲ್ಲಿ ಮಾರುಕಟ್ಟೆಯ ಆವರಣದ ವಾಹನಗಳು ಉರಿದಾಗ ನಾಡಿಗೇ ತಿಳಿಯಿತು. ಶೀತಗೃಹದಲ್ಲಿ ವಿದ್ಯುತ್ತು ನಿಂತರೆ ಒಳಗಿನ ಬಣ್ಣ, ಬಣ್ಣದೊಡನೆ ರೈತನ ವರ್ಷದ ಗಳಿಕೆ ಮಾಸಬೇಕಾಗುವದು. ಅಲ್ಲಿಯ ಜನರೇಟರು ವಿನೋದದ ಸಾಮಾನಲ್ಲ.

ಅಂಥದೊಂದು ಶೀತಗೃಹದ ಅಂಗಳದ ಅಂಚಿನಲ್ಲಿ ಭಾನುವಾರ ರಾತ್ರಿ ತಂಗಲು ನಮಗೆ ಅಪ್ಪಣೆ ದೊರೆಯಿತು; ತಾಯಿಯವರ ತವರಿನ ಹೆಸರು ಹೇಳಿದ್ದೇ ಸಾಕಾಯಿತು. ವಹಿಯನ್ನು ನೋಡಿದರೆ ಬ್ಯಾಟರಿಯಲ್ಲಿ ಉಳಿದದ್ದು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಉಸಿರಾಟದ ಯಂತ್ರಕ್ಕೆ ಮಾತ್ರ ಅದು ಸಾಕು, ಫ್ರಿಜ್ಜಿಗೂ ಫ್ಯಾನಿಗೂ ಸಾಲದು. ಕಾವಲುಗಾರನು ನಮ್ಮ ಚರ್ಚೆಯನ್ನು ಕೇಳಿ,“ಅವ್ವಾರಿಗೆ ತ್ರಾಸ ಯಾಕ್ರೀ, ನಮ್ಮ ಬೋರ್ಡಿಂದ ಒಂದು ವಾಯರ್ ಕೊಡ್ತೇನ್ರಿ” ಎಂದು ಮಾಲೀಕರನ್ನು ಫೋನಿನಲ್ಲಿ ಕೇಳಿ ತಂತಿಯೆಳೆದು ಕೊಟ್ಟನು.

ರಾತ್ರಿ ಎರಡೂವರೆಗೆ ಊರಿನ ಕರೆಂಟು ಹೋಯಿತು. ಹತ್ತು ಎಣಿಸುವದರೊಳಗೆ ಶೀತಗೃಹದ ದೊಡ್ಡ ಜನರೇಟರು ತಾನಾಗಿಯೇ ಎದ್ದಿತು; ನೆಲವು ಸಣ್ಣಗೆ ನಡುಗತೊಡಗಿತು. ತಾಯಿಯವರ ಯಂತ್ರವು ನಿಲ್ಲಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಗಾಳಿ ತಿರುಗಿ, ಅದರ ಹೊಗೆ ನೇರವಾಗಿ ನಮ್ಮ ಗಾಡಿಯ ಕಡೆಗೆ ಬರತೊಡಗಿತು. ಡೀಜಲ್ಲಿನ ವಾಸನೆಯಾದರೂ ಮೂಗಿಗೆ ತಿಳಿಯುವದು. ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ರಕ್ತವನ್ನು ಪ್ರಾಣವಾಯುವಿಗಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿಯುವದು. ಮಲಗಿದವರು ಮಲಗಿದಂತೆಯೇ ಹೋಗಿಬಿಡುವರು. ಡೀಜಲ್ಲಿನ ಹೊಗೆಯಲ್ಲಿ ಅದು ಕಡಿಮೆ, ಸಣ್ಣ ಪೆಟ್ರೋಲ್ ಯಂತ್ರದಲ್ಲಿ ಬಹಳ ಹೆಚ್ಚು. ಅದನ್ನು ಕಂಡು ಕೂಗುವ ಪುಟ್ಟ ಪೆಟ್ಟಿಗೆಯನ್ನು ಗಾಡಿಯಲ್ಲಿ ಮೊದಲೇ ಗೋಡೆಗೆ ಹಚ್ಚಿದ್ದೆವು. ಅದು ಕೂಗಿರಲಿಲ್ಲ, ಆದರೆ ಕೂಗುವ ವರೆಗೆ ಕಾಯುವದು ನಮಗೆ ಒಪ್ಪಲಿಲ್ಲ. ಕಾವಲುಗಾರನ ತಂತಿಯನ್ನು ಕಳಚಿ, ಗಾಡಿಯನ್ನು ಅಂಗಳದ ಇನ್ನೊಂದು ತುದಿಗೆ, ಗಾಳಿ ಬರುವ ದಿಕ್ಕಿಗೆ ಒಯ್ದು ನಿಲ್ಲಿಸಿದೆವು. ಬೆಳಗಿನ ವರೆಗೆ ತಾಯಿಯವರು ಆ ಉಳಿದ ಅರ್ಧ ಯೂನಿಟ್ಟಿನ ಮೇಲೆಯೇ ಮಲಗಿದರು. ಫ್ರಿಜ್ಜಿನ ಬಾಗಿಲನ್ನು ತೆರೆಯದೆ ಇಟ್ಟದ್ದರಿಂದ ಇನ್ಸುಲಿನ್ನೂ ತಂಪಾಗಿಯೇ ಇತ್ತು. ನಾವು ಬಾಗಿಲಲ್ಲಿ ಕುಳಿತು ಮುಸುಕಿನೊಳಗಣ ಆ ಸಣ್ಣ ಉಸಿರಿನ ಸದ್ದನ್ನು ಕೇಳುತ್ತಿದ್ದೆವು. ಅಂಗಳದ ಆಚೆ ನೂರಾರು ಅಶ್ವಶಕ್ತಿ ಗುಡುಗುತ್ತಿತ್ತು. ನಮಗೆ ಬೇಕಾಗಿದ್ದದ್ದು ಮೂವತ್ತೈದು ವ್ಯಾಟು.

ಸೋಮವಾರ ಸಂತೆಯ ದಿವಸ. ಮಾರುಕಟ್ಟೆಯ ಅಂಗಳದಲ್ಲಿ ಚೀಲಗಳ ಓಣಿಗಳ ನಡುವೆ ತಾಯಿಯವರನ್ನು ಕುರ್ಚಿಯ ಗಾಡಿಯಲ್ಲಿ ಒಯ್ದೆವು. ಅವರು ಒಂದು ಕಾಯನ್ನು ಎತ್ತಿ, ಮುರಿದು, ಉಗುರಿನಿಂದ ಒಳಮೈಯನ್ನು ಗೀರಿ, ಬಣ್ಣವನ್ನು ನೋಡಿದರು. “ನಮ್ಮಪ್ಪ ಹಿಂಗ ನೋಡ್ತಿದ್ದ” ಎಂದು ಅಷ್ಟೇ ಹೇಳಿದರು. ಎರಡು ಕಿಲೋ ಡಬ್ಬಿ ಕೊಂಡರು. ಚೌಕಾಶಿಯಲ್ಲಿ ಅವರನ್ನು ಸೋಲಿಸಲು ಯಾರಿಗೂ ಆಗಲಿಲ್ಲ. ಆ ಅಂಗಳದ ಕೆಂಪು ಧೂಳು ಸಂಜೆಗೆ ನಮ್ಮ ಫ್ಯಾನಿನ ರೆಕ್ಕೆಗಳ ಮೇಲೆಲ್ಲ ಕುಳಿತಿತ್ತು. ಜನರೇಟರಿನ ಗಾಳಿಸೋಸಕವನ್ನು ಇಂಥ ಊರಿನಲ್ಲಿ ದಿನಕ್ಕೊಮ್ಮೆ ಬಿಚ್ಚಿ ನೋಡಬೇಕೆಂದು ವಹಿಯಲ್ಲಿ ಬರೆದುಕೊಂಡೆವು.

ಹುಬ್ಬಳ್ಳಿಗೆ ಮರಳಿ ನಾವು ಕೊಂಡದ್ದು ಆ ಮೂರನೆಯ ಯಂತ್ರವನ್ನು, ೨ ಕೆ.ವಿ.ಎ.ಯ ಇನ್ವರ್ಟರನ್ನು. ಅದರಿಂದ ನೇರವಾಗಿ ಗಾಡಿಯನ್ನು ನಡೆಯಿಸುವದಿಲ್ಲ. ೬೦ ಆಂಪಿಯರಿನ ಚಾರ್ಜರಿನ ಮೂಲಕ ಬ್ಯಾಟರಿಯನ್ನು ತುಂಬುವೆವು. ಎಂಟುನೂರು ವ್ಯಾಟಿನ ಹೊರೆಯಲ್ಲಿ ಎರಡು ತಾಸು ನಡೆದರೆ ದಿವಸದ ಒಂದೂವರೆ ಯೂನಿಟ್ಟು ಜಮೆಯಾಗುವದು. ಪೆಟ್ರೋಲು ಒಂದೂವರೆ ಲೀಟರಿನೊಳಗೆ. ಹಗಲು ಹನ್ನೊಂದರಿಂದ ಒಂದರ ವರೆಗೆ, ಎಲ್ಲರೂ ಕೆಲಸದ ಮೇಲಿರುವ ಹೊತ್ತಿನಲ್ಲಿ. ಸೌರಫಲಕವನ್ನು ಇಮ್ಮಡಿ ಮಾಡಿಸಿರುವದರಿಂದ ಚಳಿಗಾಲದ ನಿರ್ಮಲ ದಿವಸಗಳಲ್ಲಿ ಅದನ್ನು ಹಚ್ಚುವ ಕಾರಣವೇ ಬೀಳದೆ ಹೋಗಬಹುದು. ಎಸಿ ಬೇಕೆನ್ನುವವರಿಗೆ ಈ ಏರ್ಪಾಡು ಸಾಲದು. ಅವರು ಮೂರು ಕೆ.ವಿ.ಎ.ಗೆ ಕಡಿಮೆಯಿಲ್ಲದ್ದನ್ನು ನೋಡಬೇಕು, ರಾತ್ರಿಯ ನೆರೆಯವರ ವಿಚಾರವನ್ನೂ ತಾವೇ ಮಾಡಿಕೊಳ್ಳಬೇಕು.

ಯಂತ್ರಕ್ಕೆ ಗಾಡಿಯೊಳಗೆ ಸ್ಥಳ ಕೊಡಲಿಲ್ಲ. ಹಿಂಬದಿಗೆ ಹೊರಗಿನಿಂದ ಮಾತ್ರ ತೆರೆಯುವ ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಿ, ಒಯ್ಯುವಾಗ ಅದರಲ್ಲಿಟ್ಟು, ನಡೆಯಿಸುವಾಗ ಇಳಿಸಿ, ಇಪ್ಪತ್ತು ಅಡಿ ದೂರ ಗಾಳಿಯ ಕೆಳದಿಕ್ಕಿಗೆ ಇಡುವೆವು. ತಂತಿಯು ಅಷ್ಟು ಉದ್ದವಾದದ್ದೇ ಇದೆ. ಮನೆಯ ಸಾಲಿಗೂ ಜನರೇಟರಿಗೂ ನಡುವೆ ಒಂದು ಸಲಕ್ಕೆ ಒಂದನ್ನೇ ಹಿಡಿಯುವ ಚೇಂಜ್‌ಓವರ್ ಸ್ವಿಚ್ಚು ಕೂಡಿಸಿದೆವು. ಅದಿಲ್ಲದೆ ಹೋದರೆ ನಮ್ಮ ವಿದ್ಯುತ್ತು ಊರ ತಂತಿಗೆ ಹಿಂದಿರುಗಿ, ಕಂಬದ ಮೇಲಿನ ಲೈನ್‌ಮನ್ನನ ಜೀವಕ್ಕೆ ಎರವಾದೀತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ವರೆಗೆ ಎಥೆನಾಲ್ ಬೆರೆತಿರುವದು. ನಮ್ಮ ಹಾವೇರಿಯ ಕಡೆಯ ಗೋವಿನಜೋಳದಂಥ ಕಾಳಿನಿಂದಲೂ ಅದನ್ನು ಮಾಡುವರು. ಎಥೆನಾಲ್ ನೀರನ್ನು ಹೀರುವ ಗುಣದ್ದಾದುದರಿಂದ, ಪ್ರವಾಸ ಮುಗಿದ ಮೇಲೆ ಟಾಕಿಯನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ನಿಲ್ಲುವ ವರೆಗೆ ನಡೆಯಿಸಿ, ಆಮೇಲೆ ಎತ್ತಿಡತಕ್ಕದ್ದು. ಮಳೆಗಾಲ ಕಳೆದು ಮತ್ತೆ ತೆಗೆದಾಗ ಒಂದೇ ಎಳೆತಕ್ಕೆ ಏಳುವದು.

ತಾಯಿಯವರು ಯಂತ್ರವನ್ನು ಒಮ್ಮೆ ಹಚ್ಚಿಸಿ, ಅಂಗಳದ ಆಚೆಯ ಗೇಟಿನ ವರೆಗೆ ತಾವೇ ನಡೆದುಹೋಗಿ ನಿಂತು ಸದ್ದನ್ನು ಕೇಳಿ ಬಂದರು. ದೀಪಾವಳಿಯಾದ ಮೇಲೆ ಬಾಡಕ್ಕೂ ಕಾಗಿನೆಲೆಗೂ ಹೋಗುವದೆಂದು ಗೊತ್ತಾಗಿದೆ.